ತಡವರಿಸದ ಯಂತ್ರ

ಶಿಷ್ಯ ಅನಿಮಿಷ ಕೇಳಿದ: "ಗುರುಗಳೇ, ಮುಂದಿನ ಸೋಮವಾರ ಸಭೆಯಲ್ಲಿ ನಾನು ಮೊದಲ ಪ್ರವಚನ ಮಾಡಬೇಕು ಎಂದಿದ್ದೀರಿ. ಓದಿದ್ದು ಸಾಲದು ಅನ್ನಿಸುತ್ತಿದೆ. ಇನ್ನೊಂದು ಗ್ರಂಥ ಓದಿ ಮುಗಿಸಿದ ಮೇಲೆ ಮಾತಾಡಿದರೆ ಆಗದೇ?"

ಗುರುಗಳು ಆಗುತ್ತದೆ ಎನ್ನಲಿಲ್ಲ, ಆಗದು ಎಂದೂ ಹೇಳಲಿಲ್ಲ. ಒಂದು ಕತೆ ಹೇಳಿದರು.

ಹುಬ್ಬಳ್ಳಿಯಲ್ಲಿ ಶ್ರೀಶೈಲ ಎಂಬ ಆಟಗಾರನಿದ್ದ. ಅವನ ಆಟ ಬಯಲಿನದಲ್ಲ, ಕಂಪ್ಯೂಟರಿನದು. ಅವನದೊಂದು ತಂಡವಿತ್ತು. ಎಲ್ಲರೂ ತಮ್ಮ ತಮ್ಮ ಮನೆಯಲ್ಲಿ ಕೂತು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಪರದೆಯೊಳಗಿನ ಒಂದೇ ಕೋಟೆಯನ್ನು ಕಾಯುತ್ತಿದ್ದರು. ವಿಜಯಪುರದ ಅಸ್ಮಾ ತಂಡದ ನಾಯಕಿ.

ಶ್ರೀಶೈಲನ ಕಂಪ್ಯೂಟರ್ ಹಳೆಯದು. ಶತ್ರುಗಳು ಒಟ್ಟಿಗೆ ನುಗ್ಗಿದಾಗ ಅವನ ಪರದೆ ಕ್ಷಣಕಾಲ ತಡವರಿಸುತ್ತಿತ್ತು. ಆ ಕ್ಷಣದಲ್ಲಿ ಕೋಟೆ ಕೈತಪ್ಪುತ್ತಿತ್ತು. "ನನ್ನ ಪ್ರೊಸೆಸರ್ ಎಳೆಯುತ್ತಿಲ್ಲ" ಎನ್ನುತ್ತಿದ್ದ. ಅದು ಸುಳ್ಳಲ್ಲ. ಯಂತ್ರದೊಳಗೆ ಕೂತು ಲೆಕ್ಕವನ್ನೆಲ್ಲ ಮಾಡುವ ಆ ಬಿಲ್ಲೆಗೆ ನಿಜಕ್ಕೂ ವಯಸ್ಸಾಗಿತ್ತು.

ತಂಡ ರಾಜ್ಯಮಟ್ಟಕ್ಕೆ ಹೋಗಲು ಒಂದು ಪಂದ್ಯ ಮಾತ್ರ ಉಳಿಯಿತು. ಅಸ್ಮಾ ಅವನಿಗೆ ಹೇಳಿದಳು: "ನಮ್ಮ ಮನೆಯಲ್ಲಿ ಇದೇ ಕೊನೆ ಅಂದಿದ್ದಾರೆ. ಗೆದ್ದರೆ ಆಡು, ಸೋತರೆ ಇದನ್ನೆಲ್ಲ ಬಿಟ್ಟುಬಿಡು ಅಂತ. ದಯವಿಟ್ಟು ಈ ಸಲವಾದರೂ ಆ ಪ್ರೊಸೆಸರ್ ಬದಲಾಯಿಸು, ಶ್ರೀಶೈಲ."

ಅವನು ಆರಿಸಲು ಕೂತ. ಒಂದು ಪ್ರೊಸೆಸರ್, ಯಂತ್ರದಲ್ಲಿ ಮೊದಲೇ ಇದ್ದ ಬೋರ್ಡಿನಲ್ಲೇ ಕೂರುತ್ತಿತ್ತು, ಆದರೆ ಅಷ್ಟೇನೂ ವೇಗದ್ದಲ್ಲ. ಇನ್ನೊಂದು ವೇಗದ್ದು, ಅದಕ್ಕೆ ಬೋರ್ಡು, ಮೆಮೊರಿ ಎಲ್ಲ ಹೊಸದೇ ಬೇಕು. ಮತ್ತೊಂದು ಎಲ್ಲಕ್ಕಿಂತ ವೇಗದ್ದು, ಆದರೆ ಬಹಳ ಬಿಸಿಯಾಗುತ್ತದೆ ಎಂದು ಕೆಲವರು ಬರೆದಿದ್ದರು. ಬೆಳಿಗ್ಗೆ ಒಂದು ಸರಿ ಎನ್ನಿಸಿದರೆ ಸಂಜೆಗೆ ಅದೇ ತಪ್ಪು ಎನ್ನಿಸುತ್ತಿತ್ತು. ಅನ್ನದ ತಟ್ಟೆಯ ಮುಂದೆಯೂ ಮೊಬೈಲಿನಲ್ಲಿ ಅದನ್ನೇ ಓದುತ್ತಿದ್ದ. ಓದಿದಷ್ಟೂ ಎದೆ ಹೊಡೆದುಕೊಳ್ಳುತ್ತಿತ್ತು. ತಪ್ಪಾದದ್ದನ್ನು ಕೊಂಡುಬಿಟ್ಟೇನೆಂಬ ಹೆದರಿಕೆ ಅದು ಎಂದು ಮನೆಯವರು ತಿಳಿದರು. ಅವನೂ ಹಾಗೆಯೇ ತಿಳಿದಿದ್ದ.

ಕೊನೆಗೆ ಕಂಪ್ಯೂಟರನ್ನು ಹೊತ್ತುಕೊಂಡು ಪದ್ಮರಾಜ ಎಂಬ ವ್ಯಾಪಾರಿಯ ಅಂಗಡಿಗೆ ಹೋದ.

"ಯಾವುದು ಹಾಕಲಿ?" ಎಂದ ವ್ಯಾಪಾರಿ.

"ತಡವರಿಸುವುದೇ ಇಲ್ಲ ಅನ್ನುವಂಥದ್ದು ಹಾಕಿ."

ವ್ಯಾಪಾರಿ ಎಲ್ಲಕ್ಕಿಂತ ವೇಗದ್ದನ್ನೇ ಹಾಕಿದ. ಅದಕ್ಕೆ ತಕ್ಕ ಬೋರ್ಡು ಜೋಡಿಸಿದ, ಬಿಸಿ ತಡೆಯಲು ದೊಡ್ಡ ಫ್ಯಾನ್ ಕೂರಿಸಿದ. ಶ್ರೀಶೈಲ ಮನೆಗೆ ಬಂದು ಆಟ ತೆರೆದ. ಪರದೆ ನೀರಿನಂತೆ ಹರಿಯಿತು. ಖುಷಿಯಾಗಬೇಕಿತ್ತು. ಅವನಿಗೆ ಚಳಿ ಹಿಡಿದಂತಾಯಿತು. ಏಕೆಂದು ಅವನಿಗೆ ತಿಳಿಯಲಿಲ್ಲ.

ಪಂದ್ಯ ಭಾನುವಾರ ಮಧ್ಯಾಹ್ನ ನಡೆಯಿತು. ಎರಡೂ ತಂಡ ಸಮಸಮವಾಗಿ ಆಡಿದವು. ಕೊನೆಯ ಸುತ್ತಿನಲ್ಲಿ ಅಸ್ಮಾ ಬಿದ್ದಳು, ಉಳಿದವರೂ ಬಿದ್ದರು. ಕೋಟೆಯ ಬಾಗಿಲಲ್ಲಿ ಶ್ರೀಶೈಲನೊಬ್ಬನೇ ಉಳಿದ. ಶತ್ರುಗಳು ನುಗ್ಗಿದರು.

ಅವನು ಪರದೆ ತಡವರಿಸಲೆಂದು ಕಾದ. ಅದು ತಡವರಿಸಲಿಲ್ಲ. ಎದುರಿಗೆ ಬಂದವನ ಹೆಜ್ಜೆ ಕಂಡಿತು, ಎದ್ದ ಧೂಳು ಕಂಡಿತು, ತನ್ನ ಕಡೆಗೆ ನಿಧಾನವಾಗಿ ತಿರುಗುವ ಬಂದೂಕು ಕಂಡಿತು. ಬೇಕಾದಷ್ಟು ಸಮಯವಿತ್ತು. ಅವನ ಬೆರಳು ಮಾತ್ರ ಅಲುಗಲಿಲ್ಲ. ಅದು ಮೌಸಿನ ಮೇಲೆ ಸತ್ತಂತೆ ಬಿದ್ದಿರುವುದನ್ನು ಅವನೇ ನೋಡಿದ.

ಕೋಟೆ ಹೋಯಿತು. ಕಿವಿಯಲ್ಲಿ ಅಸ್ಮಾಳ ದನಿ ಕೇಳಿತು: "ಏನಾಯ್ತು? ಮತ್ತೆ ನಿಂತಿತಾ?"

"ಹೌದು," ಎಂದ ಶ್ರೀಶೈಲ. "ನಿಂತಿತು."

"ಹೋಗಲಿ ಬಿಡು. ಯಂತ್ರ ಕೈಕೊಟ್ಟರೆ ನೀನೇನು ಮಾಡುತ್ತೀ," ಎಂದಳು ಅವಳು. ಎಲ್ಲರಿಗೂ ಒಂದೊಂದು ಒಳ್ಳೆಯ ಮಾತು ಹೇಳಿ ಹೆಡ್‌ಫೋನ್ ತೆಗೆದಳು. ಮತ್ತೆಂದೂ ಅವಳು ಆಟಕ್ಕೆ ಬರಲಿಲ್ಲ.

ಮರುದಿನ ಅಂಗಡಿ ತೆರೆಯುವ ಮೊದಲೇ ಶ್ರೀಶೈಲ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಕಂಪ್ಯೂಟರ್ ಇತ್ತು.

"ನನ್ನ ಹಳೆಯದನ್ನೇ ಹಾಕಿಕೊಡಿ."

ವ್ಯಾಪಾರಿಗೆ ಗಾಬರಿಯಾಯಿತು. "ಯಾಕೆ? ಹೊಸದರಲ್ಲಿ ಏನು ದೋಷ ಕಂಡಿತು?"

"ಏನೂ ಇಲ್ಲ. ಅದಕ್ಕೇ ಬಂದೆ."

ವ್ಯಾಪಾರಿ ಅವನ ಮುಖ ನೋಡಿದ, ಕಂಪ್ಯೂಟರ್ ಬಿಚ್ಚಿದ. ಹಳೆಯದನ್ನೇ ಜೋಡಿಸಿಕೊಟ್ಟ.

ತಂಡ ಚದುರಿತು. ಶ್ರೀಶೈಲ ಗುರುತಿಲ್ಲದವರ ಜೊತೆ ಈಗಲೂ ಆಡುತ್ತಾನೆ. ಪರದೆ ತಡವರಿಸಿದಾಗ, ಪ್ರೊಸೆಸರ್ ಹಳೆಯದು ಎಂದು ಅವರಿಗೆ ಹೇಳಿ ಸಮಾಧಾನದಿಂದ ಉಸಿರು ಬಿಡುತ್ತಾನೆ. ಹೇಗೋ ತಡವರಿಸದೆ ಓಡಿದ ದಿನ ಆಟವನ್ನು ಅರ್ಧಕ್ಕೆ ಬಿಟ್ಟು ಎದ್ದುಹೋಗುತ್ತಾನೆ.

ಗುರುಗಳು ಕತೆ ನಿಲ್ಲಿಸಿದರು. ಅನಿಮಿಷನಿಗೆ ತಡೆಯಲಾಗಲಿಲ್ಲ.

"ಆ ಹುಡುಗಿಗಾದರೂ ನಿಜ ಹೇಳಬಾರದಿತ್ತೇ, ಗುರುಗಳೇ? ನನಗೆ ಹೆದರಿಕೆಯಾಯಿತು ಅಂದಿದ್ದರೆ ಮುಗಿಯುತ್ತಿತ್ತು. ಅಷ್ಟು ಹೇಳುವುದಕ್ಕೆ ಏನು ಕಷ್ಟ?"

ಗುರುಗಳೆಂದರು: "ಹಾಗಾದರೆ ಆ ಮಾತನ್ನು ಈಗ ನೀನು ಹೇಳು, ಗ್ರಂಥವನ್ನು ಆಮೇಲೆ ತರಿಸೋಣ."