ಗಿಣಿ ನುಂಗಿದ ಬುದ್ಧಿಗುಳಿಗೆ

ಈ ಕಥೆ ನನಗೆ ಹೇಳಿದ್ದು ಒಂದು ಅಳಿಲು. ಅಳಿಲು ಸುಳ್ಳು ಹೇಳುವುದಿಲ್ಲ; ಆ ಕೆಲಸಕ್ಕೆ ನಾನಿದ್ದೇನೆ.

ಕಾಲೇಜಿನ ಗೇಟಿನ ಬಳಿ ಗಿಣಿಶಾಸ್ತ್ರ ಹೇಳುವ ಮರಿಸ್ವಾಮಿಯ ಗಿಣಿ, ಕರೆದೊಡನೆ ಪಂಜರದಿಂದ ಬಂದು, ಕೊಕ್ಕಿಗೆ ಸಿಕ್ಕ ಕಾರ್ಡು ಎಳೆದುಕೊಟ್ಟು, ಒಂದು ಭತ್ತದ ಕಾಳು ಪಡೆಯುತ್ತಿತ್ತು. ಒಂದು ದಿನ ಅಳಿಲು, ಪರೀಕ್ಷೆಗೆ ಓದುವವರು ಯಾರೋ ಬೀಳಿಸಿಕೊಂಡಿದ್ದ ಗುಳಿಗೆಯೊಂದನ್ನು ತಂದಿತು.

“ಗಿಣಿಯಣ್ಣ, ಇದನ್ನು ನುಂಗಿದರೆ ಬುದ್ಧಿ ಚುರುಕಾಗುತ್ತದಂತೆ.”

“ಹಾಗಾದರೆ ಎರಡೆರಡು ಕಾಳು ಸಿಕ್ಕೀತು!” ಎಂದು ಗಿಣಿ ನುಂಗಿಯೇಬಿಟ್ಟಿತು.

ಗಿರಾಕಿಯೊಬ್ಬರು ಬಂದು ಕೂತರು. ಗಿಣಿ ಒಂದು ಕಾರ್ಡು ಎಳೆದು, ಪೂರ್ತಿ ಓದಿ, “ಇದು ಇವರಿಗೆ ಒಪ್ಪುವುದಿಲ್ಲ” ಎಂದು ಬದಿಗಿಟ್ಟಿತು. ಇನ್ನೊಂದು ಎಳೆದು ಅದನ್ನೂ ಬದಿಗಿಟ್ಟಿತು. ಇಪ್ಪತ್ತೇಳು ಕಾರ್ಡು ಮುಗಿಯುವಷ್ಟರಲ್ಲಿ ಗಿರಾಕಿ ಬಸ್ಸು ಹತ್ತಿಯಾಗಿತ್ತು. ಸಂಜೆಯವರೆಗೂ ಇದೇ ಕಥೆ.

“ಏನಣ್ಣ, ಬುದ್ಧಿ ಬಂತೇ?”

“ಬಂತಪ್ಪ. ಊಟವೊಂದು ಬಿಟ್ಟು ಎಲ್ಲ ಬಂತು.”

ಮರುದಿನ ಅಮಲು ಇಳಿದಿತ್ತು. ಗಿಣಿ ನೋಡದೆಯೇ ಕಾರ್ಡು ಎಳೆದೆಳೆದು ಹೊಟ್ಟೆ ತುಂಬ ಭತ್ತ ತಿಂದಿತು. ಅಳಿಲು ಇನ್ನೊಂದು ಗುಳಿಗೆ ತಂದಾಗ ಹಾಯಾಗಿ ಕೊಕ್ಕು ಒರೆಸುತ್ತ ಹೇಳಿತು: “ನನಗೆ ಬೇಡ ಮಾರಾಯ. ಯಜಮಾನರ ಕಣ್ಣಿಗೂ ಬೀಳಿಸಬೇಡ. ಅವರೂ ಯೋಚಿಸಲು ಕೂತರೆ ಇಬ್ಬರಿಗೂ ಉಪವಾಸ.”