ಕೌದಿ ಬಿಸಿಲಿಗೆ

ಭೀಮಾ ನದಿಯ ದಂಡೆಯಲ್ಲಿ ಒಂದು ಚಿಕ್ಕ ಮಠವಿತ್ತು. ಅಲ್ಲಿ ಅಡವಯ್ಯ ಎಂಬ ಮುಪ್ಪಿನ ಗುರುಗಳಿದ್ದರು. ಊರವರೂ ಶಿಷ್ಯರೂ ಅವರನ್ನು ಅಜ್ಜಾರು ಎಂದೇ ಕರೆಯುತ್ತಿದ್ದರು.

ಅವರ ಶಿಷ್ಯರಲ್ಲಿ ಶಾಂತವೀರ ಎಂಬವನಿದ್ದ. ನಸುಕಿನಲ್ಲಿ ಎಲ್ಲರಿಗಿಂತ ಮೊದಲು ಎದ್ದು ಗಂಟೆ ಬಾರಿಸುವುದು ಅವನ ಸೇವೆ. ಅವನ ಗಂಟೆಗೆ ಮಠದ ಜೊತೆ ಹತ್ತಿರದ ಓಣಿಯೂ ಎದ್ದು ಒಲೆ ಹಚ್ಚುತ್ತಿತ್ತು.

ಮಳೆಗಾಲದ ಕೊನೆಯಲ್ಲಿ ಅವನಿಗೆ ಏನೋ ಆಯಿತು.

ಮೊದಲು ನಿದ್ದೆ ಹೋಯಿತು. ದೀಪ ಆರಿಸಿ ಮಲಗಿದರೂ ಕಣ್ಣು ಮುಚ್ಚುತ್ತಿರಲಿಲ್ಲ. ಏಳಬೇಕಾದ ಹೊತ್ತಿಗೆ ಸರಿಯಾಗಿ ಮೈ ಭಾರವಾಗಿ ನೆಲಕ್ಕೆ ಅಂಟಿಕೊಳ್ಳುತ್ತಿತ್ತು. ಆಮೇಲೆ ಹಗಲೆಲ್ಲ ಮಲಗುತ್ತಿದ್ದ. ಎಷ್ಟು ಮಲಗಿದರೂ ದಣಿವು ಆರುತ್ತಿರಲಿಲ್ಲ.

ಊಟದ ರುಚಿ ಹೋಯಿತು. ಓದಿದ್ದು ತಲೆಗೆ ಹೋಗುತ್ತಿರಲಿಲ್ಲ. ಧ್ಯಾನಕ್ಕೆ ಕೂತರೆ ಕೂತಲ್ಲೇ ಕಣ್ಣಲ್ಲಿ ನೀರು ಬರುತ್ತಿತ್ತು.

ಅವನ ಮನೆಯಲ್ಲಿ ಯಾರೂ ತೀರಿಕೊಂಡಿರಲಿಲ್ಲ. ಮಠದಲ್ಲಿ ಯಾರೂ ಅವನನ್ನು ನೋಯಿಸಿರಲಿಲ್ಲ. ಕಾರಣ ಹುಡುಕಿ ಹುಡುಕಿ ಸೋತ. ಕಡೆಗೆ ತನ್ನಲ್ಲೇ ಏನೋ ದೋಷವಿರಬೇಕು ಎಂದುಕೊಂಡ.

ದೋಷವಿದ್ದರೆ ಶಿಕ್ಷೆ ಬೇಕು. ಹಾಸಿಗೆ ಬಿಟ್ಟು ಬರಿ ನೆಲದ ಮೇಲೆ ಮಲಗಿದ. ರಾತ್ರಿಯ ಊಟ ಬಿಟ್ಟ. ತಣ್ಣೀರು ಸುರಿದುಕೊಂಡು ಒದ್ದೆ ಬಟ್ಟೆಯಲ್ಲೇ ಕೂತ. ಮೈ ಇನ್ನಷ್ಟು ಸೊರಗಿತು. ನಿದ್ದೆ ಇನ್ನಷ್ಟು ದೂರ ಹೋಯಿತು.

ಗಂಟೆ ಒಂದು ದಿನ ತಡವಾಯಿತು, ಇನ್ನೊಂದು ದಿನ ಬಾರಿಸಲೇ ಇಲ್ಲ.

ಮಠದ ಅಡುಗೆಮನೆ ನೋಡಿಕೊಳ್ಳುತ್ತಿದ್ದ ಹಿರಿಯ ಶಿಷ್ಯ ಕರಿಬಸಯ್ಯ ಅಜ್ಜಾರ ಹತ್ತಿರ ಹೋದ. ಶಾಂತವೀರ ಸೋಮಾರಿಯಾಗಿದ್ದಾನೆ, ಉಳಿದವರೂ ಅವನನ್ನು ನೋಡಿ ಕೆಡುತ್ತಾರೆ ಎಂದು ದೂರು ಹೇಳಿದ.

ಅಜ್ಜಾರು ಕೇಳಿದರು, “ಸೋಮಾರಿ ನಿದ್ದಿ ಮಾಡಿ ಎದ್ದಾಗ ಮಾರಿ ಹ್ಯಾಂಗಿರ್ತದ?”

“ಅರಾಮ ಇರ್ತದ, ಅಜ್ಜಾರ.”

“ಇವನ ಮಾರಿ ನೋಡೀಯೇನು?”

ಕರಿಬಸಯ್ಯ ನೋಡಿರಲಿಲ್ಲ.

ಮರುದಿನದಿಂದ ಗಂಟೆಯ ಸೇವೆಯನ್ನು ಅಜ್ಜಾರು ಬೇರೆಯವರಿಗೆ ವಹಿಸಿದರು. ಭಾರ ಇಳಿಸಿದರೆ ಅವನಿಗೆ ಹಗುರವಾದೀತು ಎಂದುಕೊಂಡಿದ್ದರು. ಆದರೆ ಅದನ್ನು ಅವನಿಗೆ ಹೇಳಲಿಲ್ಲ.

ಶಾಂತವೀರ ನೆಲದ ಮೇಲೆ ಮಲಗಿದ್ದಂತೆಯೇ ಆ ಗಂಟೆ ಕೇಳಿದ. ಇನ್ನೊಬ್ಬರ ಕೈಯ ಗಂಟೆ. ತಾನಿಲ್ಲದೆಯೂ ಬೆಳಗಾಗುತ್ತದೆ ಎಂದು ಅವನಿಗೆ ಅನ್ನಿಸಿತು. ಆ ಮಾತು ಅವನೊಳಗೆ ಕೂತುಬಿಟ್ಟಿತು.

ಕೆಲವು ದಿನಗಳ ಮೇಲೆ, ಇನ್ನೂ ಮಬ್ಬುಗತ್ತಲು ಇರುವಾಗ, ಅವನು ಎದ್ದು ಹೊಳೆಯ ಕಡೆ ನಡೆದ. ಹೊಳೆ ಇನ್ನೂ ಇಳಿದಿರಲಿಲ್ಲ. ಕೆಂಪು ನೀರು ಮೆಟ್ಟಿಲಿಗೆ ತಾಗಿ ಹರಿಯುತ್ತಿತ್ತು.

ಕೆಳಗಿನ ಮೆಟ್ಟಿಲ ಮೇಲೆ ಅಜ್ಜಾರು ಸ್ನಾನಕ್ಕೆ ಬಂದು ಕೂತಿದ್ದರು.

“ಎಲ್ಲಿಗೆ ಹೊಂಟಿ?”

“ಆಚಿ ದಂಡಿಗೆ, ಅಜ್ಜಾರ.”

“ಇವತ್ತು ದೋಣಿ ಇಲ್ಲ.”

“ಗೊತ್ತದ.”

ಅಜ್ಜಾರು ಬಹಳ ಹೊತ್ತು ಅವನ ಮುಖವನ್ನೇ ನೋಡಿದರು. ಆಮೇಲೆ ಕೈ ಚಾಚಿದರು. ಮೆಟ್ಟಿಲು ಪಾಚಿಗಟ್ಟಿದೆ, ನಾನು ಮುಳುಗು ಹಾಕುವ ತನಕ ಹಿಡಿದುಕೊಂಡಿರು ಎಂದರು.

ಶಾಂತವೀರ ಹಿಡಿದ. ಮುದುಕರ ಮಣಿಕಟ್ಟು ತೆಳ್ಳಗಿತ್ತು. ಅವರು ನೀರಿಗಿಳಿದಾಗ ಸೆಳೆತ ಅವರನ್ನು ಎಳೆಯಿತು. ಅವನು ಮೆಟ್ಟಿಲಿಗೆ ಕಾಲೂರಿ, ಇದ್ದ ಬಲವನ್ನೆಲ್ಲ ಕೂಡಿಸಿ ನಿಲ್ಲಬೇಕಾಯಿತು. ಅವರು ಮೇಲೆ ಬಂದಾಗ ಇಬ್ಬರೂ ನಡುಗುತ್ತಿದ್ದರು.

ಅಜ್ಜಾರು ಮೈ ಒರೆಸಿಕೊಳ್ಳಲಿಲ್ಲ. ಅವನ ಕೈಯನ್ನೂ ಬಿಡಲಿಲ್ಲ.

“ಸಾಯಬೇಕು ಅನಸ್ತೇನು?”

ಇಷ್ಟು ನೇರವಾಗಿ ಅವನನ್ನು ಯಾರೂ ಕೇಳಿರಲಿಲ್ಲ. ಅವನು ನೀರು ನೋಡುತ್ತ ಹೇಳಿದ, “ನಾಳೆ ಮತ್ತ ಏಳಬೇಕಲ್ಲಾ ಅಂತ ಅನಸ್ತು, ಅಜ್ಜಾರ. ಅದು ನನ್ನ ಕೈಲೆ ಆಗಂಗಿಲ್ಲ ಅನಸ್ತು.”

“ಹೇಳಿದ್ದು ಚೊಲೊ ಆತು.”

ಅಜ್ಜಾರೇ ಮುಂದುವರಿಸಿದರು. “ಗಂಟಿ ಸೇವಾ ಬಿಡಿಸಿದಾಗ ಯಾಕ ಅಂತ ನಿನಗ ಹೇಳಬೇಕಿತ್ತು. ನಿನ್ನ ಭಾರ ಇಳಸಬೇಕು ಅಂತ ಮಾಡಿದ್ದೆ. ಹೇಳಲಿಲ್ಲ. ಅದು ನನ್ನ ತಪ್ಪು.”

ಶಾಂತವೀರ ಅತ್ತ. ಅಜ್ಜಾರು ತಡೆಯಲಿಲ್ಲ. ಅಳು ನಿಂತ ಮೇಲೆ ಅವನು ಕೇಳಿದ, “ನಾ ಈಗ ಏನು ಮಾಡಬೇಕು?”

“ಇವತ್ತು ಏನೂ ಮಾಡಬ್ಯಾಡ. ಮಠ ಮುಟ್ಟೋ ತನಕ ನನ್ನ ಕೈ ಬಿಡಬ್ಯಾಡ.”

ಆ ದಿನವೇ ಅಜ್ಜಾರು ಅವನನ್ನು ಕರೆದುಕೊಂಡು ಬಸ್ಸಿನಲ್ಲಿ ತಾಲ್ಲೂಕಿನ ಊರಿಗೆ ಹೊರಟರು. ಅಲ್ಲಿ ಮನಸ್ಸಿನ ಕಾಯಿಲೆಗೆ ಮದ್ದು ಕೊಡುವ ಡಾಕ್ಟರಮ್ಮ ಒಬ್ಬರಿದ್ದರು. ಹೊರಡುವಾಗ ಮಠದ ಬಾಗಿಲಲ್ಲಿ ಕರಿಬಸಯ್ಯ ಎದುರಾದ. ಇಷ್ಟು ವರ್ಷ ಜಪ ಮಾಡಿದವನಿಗೆ ಗುಳಿಗೆ ಯಾಕೆ, ಇನ್ನಷ್ಟು ಜಪ ಮಾಡಲಿ ಎಂದ.

ಅಜ್ಜಾರು ಕೇಳಿದರು, “ಹೋದ ವರ್ಷ ನಿನಗ ಚಳಿಜ್ವರ ಬಂದಾಗ ನಾ ಏನು ಕೊಡಿಸಿದೆ?”

ಕರಿಬಸಯ್ಯ ದಾರಿ ಬಿಟ್ಟು ನಿಂತ.

ಡಾಕ್ಟರಮ್ಮ ಎಲ್ಲವನ್ನೂ ಕೇಳಿದರು. ಹೊಳೆಯ ಸಂಗತಿಯನ್ನು ಹೇಳಲು ಶಾಂತವೀರನಿಗೆ ಬಾಯಿ ಬರಲಿಲ್ಲ. ನಾನು ಹೇಳಲೇ ಎಂಬಂತೆ ಅಜ್ಜಾರು ಅವನ ಮುಖ ನೋಡಿದರು. ಆಗ ಅವನೇ ಹೇಳಿದ. ಇದು ಕಾಯಿಲೆ, ನಿನ್ನ ದೋಷವಲ್ಲ ಎಂದು ಡಾಕ್ಟರಮ್ಮ ತಿಳಿಸಿ ಹೇಳಿದರು. ಗುಳಿಗೆ ಕೆಲಸ ಮಾಡಲು ಕೆಲವು ವಾರ ಬೇಕು, ಅಲ್ಲಿಯ ತನಕ ಅವನನ್ನು ಒಬ್ಬನನ್ನೇ ಬಿಡಬಾರದು ಎಂದರು. ಬೆಳಗಿನ ಬಿಸಿಲಿಗೆ ಬರಬೇಕು, ಹಗಲು ಮಲಗುವುದನ್ನು ಮೆಲ್ಲಗೆ ಕಡಿಮೆ ಮಾಡಬೇಕು, ಹೊತ್ತಿಗೆ ಊಟ ಮಾಡಬೇಕು ಎಂದೂ ಹೇಳಿದರು.

ಮಠಕ್ಕೆ ಬಂದ ಮೇಲೆ ಅಜ್ಜಾರು ಅವನಿಗೆ ತಮ್ಮ ಪಡಸಾಲೆಯಲ್ಲೇ ಮಲಗಲು ಹೇಳಿದರು. ಬರಿ ನೆಲ ಬೇಡ ಎಂದು ಹಾಸಿಕೊಳ್ಳಲು ಒಂದು ದಪ್ಪ ಕೌದಿ ಕೊಟ್ಟರು. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಇಟ್ಟು ಊರ ಹೆಂಗಸರು ಹೊಲಿದುಕೊಟ್ಟ ಕೌದಿ ಅದು.

“ಇನ್ನು ಮ್ಯಾಲ ನಿನಗ ಒಂದೇ ಸೇವಾ. ಹೊತ್ತು ಹುಟ್ಟಿದ ಮ್ಯಾಲ ಈ ಕೌದಿ ಬಿಸಿಲಿಗೆ ಹಾಕಬೇಕು. ದೀಪ ಹಚ್ಚೋ ತನಕ ಒಳಗ ತರಬಾರದು.”

“ಆಮ್ಯಾಲ?”

“ಆಮ್ಯಾಲಿಂದು ಏನೂ ಇಲ್ಲ.”

“ಜಪ, ಓದು?”

“ಆದ್ರ ಮಾಡು. ಆಗದಿದ್ರ ಕೌದಿ ಹಾಕಿದ್ದೇ ಜಪ.”

ಇಷ್ಟೇನಾ ಎಂದು ಶಾಂತವೀರನಿಗೆ ನಾಚಿಕೆಯಾಯಿತು. ಮೊದಲ ಬೆಳಗ್ಗೆ ಗೊತ್ತಾಯಿತು. ಕೌದಿ ಮಡಚಲು ಕೈ ಏಳಲಿಲ್ಲ. ಅದನ್ನು ಎದೆಗವಚಿಕೊಂಡು ಅಂಗಳಕ್ಕೆ ಬರುವಷ್ಟರಲ್ಲಿ ಉಸಿರು ಕಟ್ಟಿತು. ಕಟ್ಟೆಯ ಮೇಲೆ ಹರವಿ, ಅದರ ಪಕ್ಕದಲ್ಲೇ ಕುಸಿದು ಕೂತ. ಒಳಗೆ ಹೋಗಿ ಮಲಗೋಣವೆಂದರೆ ಹಾಸಿಗೆ ಹೊರಗಿತ್ತು. ಕೂತೇ ಇದ್ದ. ಬಿಸಿಲು ಬೆನ್ನಿಗೆ ಬಿತ್ತು.

ರಾತ್ರಿ ನಿದ್ದೆ ಬಾರದಿದ್ದರೆ ಮಲಗಿ ಹೊರಳಾಡಬೇಡ, ಎದ್ದು ಕೂಡು ಎಂದು ಅಜ್ಜಾರು ಹೇಳಿದ್ದರು. ಅವನು ಎದ್ದು ಕೂತರೆ ಅವರೂ ಎದ್ದು ಕೂಡುತ್ತಿದ್ದರು. ಸಣ್ಣ ದೀಪದ ಮುಂದೆ ಇಬ್ಬರೂ ಹತ್ತಿಯ ಬತ್ತಿ ಹೊಸೆಯುತ್ತಿದ್ದರು. ಕಣ್ಣು ಎಳೆದಾಗ ಅವನು ಹೋಗಿ ಮಲಗುತ್ತಿದ್ದ. ಕೆಲವು ರಾತ್ರಿ ಬುಟ್ಟಿ ತುಂಬಿದರೂ ಕಣ್ಣು ಎಳೆಯುತ್ತಿರಲಿಲ್ಲ.

ನನ್ನಿಂದಾಗಿ ನಿಮ್ಮ ನಿದ್ದೆಯೂ ಕೆಟ್ಟಿತು ಎಂದು ಅವನು ಒಮ್ಮೆ ನೊಂದುಕೊಂಡ.

“ಹೌದು, ಕೆಟ್ಟದ,” ಎಂದರು ಅಜ್ಜಾರು. “ನಾ ಮಧ್ಯಾಹ್ನ ಮಲಗತೀನಿ. ನೀ ಬತ್ತಿ ನೋಡು, ಸಡಲ ಆಗೇದ.”

ದಿನಗಳು ಹೋದವು. ನಿದ್ದೆ ಚೂರು ಚೂರಾಗಿ ಬರತೊಡಗಿತು. ಒಂದು ದಿನ ಪಲ್ಯಕ್ಕೆ ಖಾರ ಹೆಚ್ಚಾಗಿದೆ ಎಂದು ಶಾಂತವೀರ ಹೇಳಿದ. ಅವನಿಗೆ ರುಚಿ ತಿಳಿಯಿತು ಎಂದು ಕರಿಬಸಯ್ಯ ಒಳಗೊಳಗೇ ಖುಷಿಪಟ್ಟ. ಅಷ್ಟರಲ್ಲಿ ಅವನೂ ಶಾಂತವೀರನ ಮುಖವನ್ನು ದಿನಾ ನೋಡುವುದನ್ನು ಕಲಿತಿದ್ದ.

ಆಮೇಲೆ ಮತ್ತೆ ಒಂದು ಕೆಟ್ಟ ಬೆಳಗು ಬಂತು.

ಹೊತ್ತು ಹುಟ್ಟಿತು, ಶಾಂತವೀರ ಏಳಲಿಲ್ಲ. ಬಿಸಿಲು ಕಟ್ಟೆಗೆ ಬಂತು, ಏಳಲಿಲ್ಲ. ಹಿಂದಿನ ದಿನವಷ್ಟೇ ಅವನು ತೋಟಕ್ಕೆ ನೀರು ಹಾಕಿದ್ದ, ನಕ್ಕಿದ್ದ. ಈಗ ಕೌದಿಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದ. ಅಜ್ಜಾರು ಬಂದು ಪಕ್ಕದಲ್ಲಿ ಕೂತರು.

“ಎಲ್ಲಾ ಹೋತು, ಅಜ್ಜಾರ,” ಎಂದ ಗೋಡೆಯ ಕಡೆಯಿಂದಲೇ. “ಇಷ್ಟು ದಿನದ್ದೆಲ್ಲಾ ಹೋತು. ಒಂದು ಕೌದಿ ಹಾಕಲಿಕ್ಕೂ ಆಗಲಿಲ್ಲ ನನಗ. ನನ್ನ ಬಿಟ್ಟುಬಿಡ್ರಿ.”

ಅಜ್ಜಾರು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಕರಿಬಸಯ್ಯನನ್ನೂ ಉಳಿದ ಶಿಷ್ಯರನ್ನೂ ಕರೆದರು. ಕೌದಿಯ ಮೂಲೆಗಳನ್ನು ಹಿಡಿಯಿರಿ ಎಂದರು.

ಕರಿಬಸಯ್ಯ ತಡೆದು ಕೇಳಿದ, “ಅವ ಮ್ಯಾಲ ಮಲಗ್ಯಾನಲ್ರಿ, ಅಜ್ಜಾರ?”

“ಕೌದಿ ಬಿಸಿಲಿಗೆ ಹೋಗಬೇಕು ಅಂತ ಹೇಳೇನಿ. ಅದರ ಮ್ಯಾಲ ಯಾರೂ ಇರಬಾರದು ಅಂತ ಹೇಳಿಲ್ಲ.”

ಅವರು ಎತ್ತಿದರು. ಶಾಂತವೀರ ಬೇಡ ಎನ್ನುವಷ್ಟರಲ್ಲಿ ಹೊಸ್ತಿಲು ದಾಟಿದ್ದರು. ಭಾರಕ್ಕೆ ಕೌದಿ ಜೋಲಿಯಂತೆ ಬಾಗಿತ್ತು. ಕರಿಬಸಯ್ಯನ ಹಣೆಯ ಬೆವರು ಶಾಂತವೀರನ ಕಾಲಿನ ಮೇಲೆ ಬಿತ್ತು. ಅಂಗಳದ ನಡುವೆ ಮೆಲ್ಲಗೆ ಇಳಿಸಿದರು.

ಬಿಸಿಲು ಕಣ್ಣಿಗೆ ಹೊಡೆಯಿತು. ಅವನು ಕೈಯಿಂದ ಮುಖ ಮುಚ್ಚಿಕೊಂಡ. ಯಾರೂ ಹೋಗಲಿಲ್ಲ. ಕರಿಬಸಯ್ಯ ಅಲ್ಲೇ ನೆಲದ ಮೇಲೆ ಕೂತು, ಮಧ್ಯಾಹ್ನದ ಅಡುಗೆಗೆ ಅವರೆಕಾಯಿ ಸುಲಿಯತೊಡಗಿದ. ಬಹಳ ಹೊತ್ತಿನ ಮೇಲೆ ಶಾಂತವೀರ ಮಗ್ಗುಲಾದ. ಮಲಗಿದಲ್ಲಿಂದಲೇ ಕೈ ಚಾಚಿ ಒಂದು ಕಾಯಿ ತೆಗೆದುಕೊಂಡು ಸುಲಿದ. ಆಮೇಲೆ ಇನ್ನೊಂದು. ಸುಲಿಯುತ್ತ ಸುಲಿಯುತ್ತ ಎದ್ದು ಕೂತ.

ಕರಿಬಸಯ್ಯ ಕಾಯಿಯ ಮೊರವನ್ನು ಇಬ್ಬರ ನಡುವೆ ಸರಿಸಿದ.

ಚಳಿಗಾಲ ಕಳೆಯಿತು. ಹೊಳೆ ಇಳಿದು ಮರಳು ಕಾಣಿಸಿತು. ಊರವರು ನದಿಪಾತ್ರದಲ್ಲಿ ಕಲ್ಲಂಗಡಿ ಬಳ್ಳಿ ಹಾಕಿದರು. ಶಾಂತವೀರ ಗುಳಿಗೆ ಬಿಟ್ಟಿರಲಿಲ್ಲ. ಕೆಲವು ದಿನ ಚೆನ್ನಾಗಿರುತ್ತಿದ್ದ. ಕೆಲವು ದಿನ ನಿಧಾನವಾಗಿರುತ್ತಿದ್ದ. ಮೊದಲಿನಷ್ಟು ಬೇಗ ಏಳಲು ಆಗುತ್ತಿರಲಿಲ್ಲ, ಆದರೆ ಏಳುತ್ತಿದ್ದ.

ಒಂದು ಸಂಜೆ ಅವನು ಅಜ್ಜಾರ ಜೊತೆ ಮರಳ ಮೇಲೆ ನಡೆಯುತ್ತಿದ್ದ. ಅಜ್ಜಾರ ಕಾಲು ಈಗ ಬೇಗ ಸೋಲುತ್ತಿತ್ತು. ಒಂದೆಡೆ ಕೂತರು. ಬಳ್ಳಿಗೆ ನೀರು ಹಾಕುವವರ ಮಾತು ದೂರದಿಂದ ಕೇಳುತ್ತಿತ್ತು.

ಶಾಂತವೀರ ಕೇಳಿದ, “ಅದು ಪೂರಾ ಹೋಗೇದೇನು, ಅಜ್ಜಾರ?”

“ನನಗ ಗೊತ್ತಿಲ್ಲ.”

“ಮತ್ತ ಬಂದ್ರ?”

“ಬರಬಹುದು.”

“ಆಗ ನಾ ಏನು ಮಾಡಲಿ?”

“ನನ್ನ ಎಬ್ಬಸು.”

ಶಾಂತವೀರ ಅವರ ಕಾಲುಗಳನ್ನು ನೋಡಿದ. ಕಡೆಗೆ ಕೇಳಿದ, “ನೀವು ಇಲ್ಲದಾಗ ಬಂದ್ರ?”

ಅಜ್ಜಾರು ಮರಳಿನಲ್ಲಿ ಕೈಯೂರಿ ಏಳಲು ನೋಡಿದರು. ಅವನು ತೋಳು ಕೊಟ್ಟ. ಎದ್ದು ನಿಂತು, ಉಸಿರು ಸುಧಾರಿಸಿಕೊಂಡು ಹೇಳಿದರು.

“ಕರಿಬಸಯ್ಯನ್ನ ಎಬ್ಬಸು. ಅವಂದು ಜಡ ನಿದ್ದಿ. ಒಮ್ಮೆ ಕೂಗಿದ್ರ ಏಳಂಗಿಲ್ಲ, ಮತ್ತ ಕೂಗು.”