ಹೆಸರಿನ ಕಲ್ಲು ಎಷ್ಟೆತ್ತರ

ಅದು ಎಂದಿನಂಥದೇ ಒಂದು ಮಂಗಳವಾರ. ಅಭಯಾರಣ್ಯದ ದಿನಗೂಲಿ ವಾಚರ್ ಕೇತೇಗೌಡ ಐದು ಜನರೊಡನೆ, ಹುಲ್ಲುಗಾವಲನ್ನು ನುಂಗುತ್ತಿದ್ದ ಲಂಟಾನದ ಪೊದೆಗಳನ್ನು ಬೇರುಸಮೇತ ಅಗೆದು ತೆಗೆಯುತ್ತಿದ್ದ. ಹೊಸದಾಗಿ ಬಂದಿದ್ದ ಅರಣ್ಯಾಧಿಕಾರಿ ಸಾಹೇಬರು ಜೀಪಿನಿಂದ ಇಳಿದರು.

"ಹೀಗೆ ಒಂದೊಂದೇ ಕೀಳ್ತಾ ಕೂತರೆ ಆಯ್ತೇನಯ್ಯ? ಶುಕ್ರವಾರ ಮಂತ್ರಿಗಳು ಬರ್ತಾರೆ. ಅಷ್ಟರಲ್ಲಿ ಈ ಹತ್ತೆಕರೆಯೂ ಬೋಳಾಗಬೇಕು. ಮೇಲಿಂದ ಕಡಿದು ಹಾಕು. ಆಗಲ್ಲ ಅಂದ್ರೆ ನಾಳೆಯಿಂದ ಬರಬೇಡ."

ಕೇತೇಗೌಡನಿಗೆ ಪೀಕಲಾಟ. ಕಡಿದರೆ ಲಂಟಾನ ಎರಡರಷ್ಟು ಚಿಗುರುತ್ತದೆ, ಆಗ ತಪ್ಪು ಅವನ ತಲೆಗೇ ಬರುತ್ತದೆ. ಕಡಿಯದಿದ್ದರೆ ಕೆಲಸ ಹೋಗುತ್ತದೆ.

"ಆಗಲಿ ಬುದ್ಧಿ," ಎಂದ. "ಇಷ್ಟು ದೊಡ್ಡ ಕೆಲಸಕ್ಕೆ ಇಲ್ಲೊಂದು ಕಲ್ಲು ನೆಡಿಸಬೇಕು. ಲಂಟಾನ ನಿರ್ಮೂಲ ಮಾಡಿಸಿದವರು ಅಂತ ತಮ್ಮ ಹೆಸರು ಕೆತ್ತಿಸಬೇಕು."

ಸಾಹೇಬರ ಮುಖ ಅರಳಿತು. "ಕೆತ್ತಿಸೋಣ. ಮೂರಡಿ ಕಲ್ಲು ಸಾಕಲ್ವಾ?"

"ಸಾಲದು ಬುದ್ಧಿ. ಹನ್ನೆರಡಡಿಯಾದರೂ ಬೇಕು."

"ಅಷ್ಟೆತ್ತರ ಯಾಕಯ್ಯ?"

"ಬೇರು ಒಳಗೇ ಇರ್ತದಲ್ಲ. ಎರಡು ಮಳೆಗಾಲ ಕಳೆದರೆ ಪೊದೆ ಮತ್ತೆ ಇಷ್ಟೇ ಎತ್ತರ ಆಗ್ತದೆ. ಅದಕ್ಕಿಂತ ಮೇಲೆ ತಮ್ಮ ಹೆಸರು ಕಾಣಬೇಕಲ್ಲ."

ಸಾಹೇಬರು ಪಕ್ಕದ ಪೊದೆಯನ್ನು ನೋಡಿದರು. ಅದು ಅವರ ಟೋಪಿಗಿಂತ ಎತ್ತರವಿತ್ತು. ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡರು.

"ಕಲ್ಲಿನ ಮಾತು ಯಾರಿಗೂ ಹೇಳಬೇಡ," ಎಂದರು. "ಮಂತ್ರಿಗಳಿಗೆ ಬೇರು ಕೀಳೋದನ್ನೇ ತೋರಿಸೋಣ. ಇನ್ನೂ ಹತ್ತು ಜನರನ್ನ ಕರ್ಕೊ."

ಆ ವರ್ಷ ಎರಡೆಕರೆ ಮಾತ್ರ ಮುಗಿಯಿತು. ಮಳೆಗಾಲದ ಕೊನೆಗೆ ಅಲ್ಲಿ ಹುಲ್ಲು ಬಂದಿತ್ತು.